ಜಗಲಿಯ ಮೇಲಿನ ಛೇರ್ಮನ್ನರು

ಕಳೆದ ತಿಂಗಳು ಬ್ಯಾಟರಾಯನಪುರದ ಬಸ್ ನಿಲ್ದಾಣದ ಎದುರು ಹೊಸ ಬೋರ್ಡೊಂದು ಎದ್ದಿದೆ. ಅದರ ತುಂಬ ಒಬ್ಬರದೇ ಮುಖ. ಕೆಳಗೆ ಕೆಂಪು ಅಕ್ಷರಗಳಲ್ಲಿ ‘ಬಡವರ ಬಂಧು, ಜನನಾಯಕ’ ಎಂದು ಬರೆಸಿದ್ದಾರೆ. ಬಸ್ಸಿಗೆ ಕಾಯುತ್ತ ನಿಂತಿದ್ದ ನನ್ನ ಪಕ್ಕದಲ್ಲಿ ಕಾಲೇಜಿನ ಹುಡುಗಿಯೊಬ್ಬಳು, "ಇವರು ಯಾರು ಮೇಡಂ?" ಎಂದು ಕೇಳಿದಳು. ಬಸ್ ಬಂತು, ಹೇಳಲಾಗಲಿಲ್ಲ. ಆ ಹುಡುಗಿಗೆ ಹೇಳಬೇಕಾಗಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ನನಗೆ ಅವರನ್ನು ಕಂಡರೆ ಆಗುತ್ತಿರಲಿಲ್ಲ. ಅವರು ಬದುಕಿದ್ದಾಗಲೂ ಇದನ್ನು ಮುಚ್ಚಿಟ್ಟವಳಲ್ಲ ನಾನು. ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕು ಎನ್ನುವವರು ಇಲ್ಲಿಗೇ ಓದು ನಿಲ್ಲಿಸಬಹುದು.

ನಾವು ಗದಗಿನ ಕಡೆಯವರು. ನನ್ನ ಯಜಮಾನರಿಗೆ ಯಶವಂತಪುರದ ಒಂದು ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು, ನನಗೆ ಬ್ಯಾಟರಾಯನಪುರದ ಸರ್ಕಾರಿ ಶಾಲೆಗೆ ವರ್ಗವಾಯಿತು. ಎಪ್ಪತ್ತರ ದಶಕದ ಆರಂಭದ ಮಾತು ಅದು. ಆಗ ಹೆಬ್ಬಾಳ ದಾಟಿದರೆ ಊರು ಮುಗಿದ ಹಾಗೆ. ರಸ್ತೆಯ ಎರಡೂ ಕಡೆ ದ್ರಾಕ್ಷಿ ತೋಟ, ರಾಗಿ ಹೊಲ, ನಡುವೆ ಚಿಕ್ಕ ಚಿಕ್ಕ ಹಳ್ಳಿ. ನಮಗೆ ಬಾಡಿಗೆಗೆ ಸಿಕ್ಕಿದ್ದು ಒಂದು ವಠಾರದ ಮನೆ. ಹಿಂದೆ ಸಾಲಾಗಿ ಬಾಡಿಗೆಯವರು, ಮುಂದೆ ಮಾಲೀಕರ ದೊಡ್ಡ ಮನೆ. ಆ ಮನೆಗೆ ಬೀದಿಯುದ್ದಕ್ಕೂ ಚಾಚಿದ ಕಲ್ಲಿನ ಜಗಲಿ. ಮಾಲೀಕರು ಹಳೆಯ ಒಕ್ಕಲು ಮನೆತನದವರು, ಪಂಚಾಯ್ತಿಯ ಛೇರ್ಮನ್. ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಊರಿಗೆಲ್ಲ ಅವರು ‘ಛೇರ್ಮನ್ನರು’. ನಾನೂ ಹಾಗೆಯೇ ಕರೆಯುತ್ತೇನೆ.

ಬೆಳಿಗ್ಗೆ ಸ್ನಾನ ಮುಗಿಸಿ, ಗಂಜಿ ಹಾಕಿ ಇಸ್ತ್ರಿ ಮಾಡಿದ ಬಿಳಿ ಪಂಚೆ, ಬಿಳಿ ಜುಬ್ಬ ತೊಟ್ಟು ಅವರು ಜಗಲಿಗೆ ಬಂದು ಕೂತರೆಂದರೆ ಬೀದಿಯ ಗಂಡಸರೆಲ್ಲ ಒಬ್ಬೊಬ್ಬರಾಗಿ ಸೇರುತ್ತಿದ್ದರು. ಪೇಪರು ಬರುತ್ತಿತ್ತು. ಅದನ್ನು ಬೇರೆ ಯಾರಾದರೂ ಓದಬೇಕು. ಅವರಿಗೆ ಓದು ಬರುತ್ತಿರಲಿಲ್ಲವೆಂದಲ್ಲ, ಕನ್ನಡಕವೂ ಜೇಬಿನಲ್ಲೇ ಇರುತ್ತಿತ್ತು. ಆದರೆ ಪೇಪರು ಹಿಡಿದರೆ ಕೈಗೆ ಬಿಡುವೆಲ್ಲಿ? ಅವರ ಅಭಿಪ್ರಾಯಗಳೆಲ್ಲ ಕೈಯಿಂದಲೇ ಹೊರಡುತ್ತಿದ್ದವು. ಒಬ್ಬ ಮಂತ್ರಿಯ ಹೆಸರು ಬಂದರೆ ಅಂಗೈಯನ್ನು ಜಗಲಿಗೆ ಬಡಿಯುವರು, ಇನ್ನೊಬ್ಬನ ಹೆಸರು ಬಂದರೆ ಕಿವಿಯ ಹತ್ತಿರ ನೊಣ ಓಡಿಸಿದಂತೆ ಬೀಸುವರು. ರೈಲು ಹಳಿ ತಪ್ಪಿದರೆ ರೈಲ್ವೆ ಮಂತ್ರಿ ಮನೆಗೆ ಹೋಗಬೇಕು. ಸೀಮೆಎಣ್ಣೆ ಸಿಗದಿದ್ದರೆ ಆಹಾರ ಮಂತ್ರಿ ಹೋಗಬೇಕು. "ಮ್ಯಾಲೆ ಕುಂತಮ್ಯಾಕೆ ಉತ್ರ ಯೋಳ್ಬೇಕು ಕಣ್ರಲಾ! ಯೋಳಾಕಾಗಲ್ವಾ, ಎದ್ದೋಗ್ಬೇಕು!" ಎನ್ನುವರು. ನಿಜಕ್ಕೂ ಒಳ್ಳೆಯ ಮಾತು. ಮೊದಮೊದಲು ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತ ಅದನ್ನು ಕೇಳಿಸಿಕೊಂಡು, ಇಂಥ ಕಡೆಯೂ ಇಷ್ಟು ನೇರವಾಗಿ ಮಾತಾಡುವ ಮನುಷ್ಯನಿದ್ದಾನಲ್ಲ ಎಂದು ನಾನೇ ಮೆಚ್ಚಿದ್ದೆ.

ಮೆಚ್ಚುಗೆ ಒಂದು ಬೇಸಿಗೆಯ ತನಕ ಬಾಳಿತು. ವಠಾರದ ತೊಟ್ಟಿಗೆ ನೀರು ಬರಬೇಕಾದದ್ದು ಅವರ ಬಾವಿಯ ಪಂಪಿನಿಂದ. ಆ ಬೇಸಿಗೆಯಲ್ಲಿ ತೊಟ್ಟಿ ಒಣಗಿತು. ಹೆಂಗಸರೆಲ್ಲ ಕೊಡ ಹೊತ್ತು ಕೆರೆಯ ಪಕ್ಕದ ಬಾವಿಗೆ ಹೋಗುವಂತಾಯಿತು. ಎಲ್ಲರೂ ಸೇರಿ, "ಟೀಚರ್, ನೀವ್ ಕೇಳಿ" ಎಂದು ನನ್ನನ್ನು ಮುಂದೆ ಮಾಡಿದರು. ಹೋಗಿ ಕೇಳಿದೆ.

"ಕರೆಂಟ್ ಎಲ್ಲಿ ಬತ್ತೈತೆ ಟೀಚರಮ್ಮ? ಆ ವಿದ್ಯುತ್ ಮಂತ್ರಿನ ಹಿಡ್ಕಂಡು ಕೇಳ್ಬೇಕು. ಜನಕ್ಕೆ ಒಂದ್ ಕೊಡ ನೀರ್ ಕೊಡಾಕಾಗ್ದೋರು ಯಾಕ್ ಅಧಿಕಾರ್ದಾಗಿರ್ಬೇಕು?" ಎಂದು ಅಂಗೈ ಬಡಿದರು.

"ನಿಮ್ಮ ದ್ರಾಕ್ಷಿ ತ್ವಾಟಕ್ಕ ಬರೂ ಕರೆಂಟು ನಮ್ಮ ತೊಟ್ಟಿಗಿ ಯಾಕ ಬರೂದಿಲ್ರಿ?" ಎಂದೆ.

ಅವರು ಜಗಲಿಯ ಮೇಲಿದ್ದವರ ಕಡೆ ತಿರುಗಿ, "ನೋಡುದ್ರಾ, ಇವ್ರ ಕಡೆ ಮಾತು ಜೋಳದ ರೊಟ್ಟಿ ಇದ್ದಂಗೆ. ಕಡುದ್ರೆ ಕಟಕ್ ಅಂತೈತೆ!" ಎಂದರು. ಎಲ್ಲರೂ ನಕ್ಕರು. ನೀರು ಬಂದದ್ದು ದ್ರಾಕ್ಷಿ ಕೊಯ್ಲು ಮುಗಿದ ಮೇಲೆಯೇ. ಆ ವರ್ಷ ಪ್ರತಿ ಮನೆಗೂ ಒಂದೊಂದು ಬುಟ್ಟಿ ದ್ರಾಕ್ಷಿ ಕಳಿಸಿದರು. ತೊಳೆದುಕೊಂಡು ತಿಂದೆವು.

ಒಳ್ಳೆಯ ಗುಣಗಳು ಇರಲಿಲ್ಲವೇ ಎಂದರೆ, ಇದ್ದವು. ನಾಯಕರ ಧ್ವನಿಯನ್ನು ಅಣಕಿಸಿದರೆ ನಗದವರಿಲ್ಲ. ನನ್ನ ಯಜಮಾನರಿಗೆ ಕಾಮಾಲೆಯಾದಾಗ ಒಂದು ಇಡೀ ಮಧ್ಯಾಹ್ನ ಆಸ್ಪತ್ರೆಯಲ್ಲಿ ಹಾಸಿಗೆಯ ಪಕ್ಕ ಕೂತಿದ್ದರು. ಸಾವಿನ ಮನೆಗೆ ಎಲ್ಲರಿಗಿಂತ ಮೊದಲು ಹೋಗುತ್ತಿದ್ದರು. ಯಾರಿಗೂ ಬೇಡವಾಗುವಂಥ ಮನುಷ್ಯನಲ್ಲ. ಅದೇ ಅವರ ಬಂಡವಾಳ. ಬೇಡವೆನ್ನಲು ಬಾಯಿ ಬರದ ಹಾಗೆ ಜನರ ನಡುವೆ ಬದುಕಿದ್ದರು.

ತುರ್ತು ಪರಿಸ್ಥಿತಿ ಬಂತು. ಜಗಲಿಯ ಮೇಲೆ ಅದೇ ಪೇಪರು, ಅದೇ ಗಂಡಸರು, ಮಾತು ಮಾತ್ರ ಬೇರೆ. ಛೇರ್ಮನ್ನರು ಆಳುವ ಪಕ್ಷದವರು. "ಈ ಜನಕ್ಕೆ ಒಂದ್ ಏಟ್ ಬೇಕಾಗಿತ್ತು ಕಣ್ರಲಾ. ಈಗ ನೋಡ್ರಿ, ಆಫೀಸ್ನಾಗೆ ಎಲ್ರೂ ಟೇಮಿಗೆ ಕುಂತವ್ರೆ" ಎನ್ನುವರು. ಉತ್ತರ ಹೇಳಬೇಕು ಎನ್ನುವ ಮಾತು ನಿಂತಿತು. ಪ್ರಶ್ನೆ ಕೇಳುವವರೇ ದೇಶಕ್ಕೆ ಅಪಾಯ ಎಂಬ ಹೊಸ ಮಾತು ಶುರುವಾಯಿತು.

ಸಂತಾನಹರಣ ಶಸ್ತ್ರಚಿಕಿತ್ಸೆಯ ಶಿಬಿರಗಳು ಬಂದದ್ದು ಆಗಲೇ. ಪ್ರತಿ ಪಂಚಾಯ್ತಿ, ಪ್ರತಿ ಶಾಲೆ ಇಷ್ಟಿಷ್ಟು ‘ಕೇಸು’ ತರಬೇಕೆಂದು ಮೇಲಿನಿಂದ ಒತ್ತಡ. ನಮ್ಮ ಹೆಡ್ಮಾಸ್ಟರು ನಾಲ್ಕು ಮಕ್ಕಳ ತಂದೆ, ಕೂದಲು ಹಣ್ಣಾದವರು. ಅಧಿಕಾರಿಗಳು ಶಾಲೆಗೆ ಬಂದು ಕೂತ ದಿನ, "ಹುಡುಕ್ಕೊಂಡು ಯಾರ ಮನೆ ಬಾಗ್ಲಿಗೂ ಹೋಗಲ್ಲ ಸ್ವಾಮಿ. ನಾನೇ ಬರ್ತೀನಿ, ನಡೀರಿ" ಎಂದು ಎದ್ದು ಹೋಗಿ ತಾವೇ ಮಾಡಿಸಿಕೊಂಡು ಬಂದರು. ಮಾರನೆಯ ವಾರ ಕುರ್ಚಿಯ ಮೇಲೆ ದಿಂಬು ಹಾಕಿಕೊಂಡು ಕೂತು ನಮಗೆಲ್ಲ, "ನಗ್ಬೇಡ್ರಮ್ಮ, ಹೊಲಿಗೆ ಎಳಿಯತ್ತೆ" ಎನ್ನುತ್ತಿದ್ದರು. ಅವರ ಹೆಸರಿನಲ್ಲಿ ಯಾವ ಬೋರ್ಡೂ ಇಲ್ಲ.

ಛೇರ್ಮನ್ನರು ಬೇರೆ ದಾರಿ ಹಿಡಿದರು.

ಮಡಿವಾಳರ ಮುನಿವೆಂಕಟ, ಅವನ ಹೆಂಡತಿ ಜಯಮ್ಮ, ಇವರು ಛೇರ್ಮನ್ನರ ತೋಟದ ಅಂಚಿನಲ್ಲಿ, ಅವರದೇ ಜಾಗದಲ್ಲಿ ಗುಡಿಸಲು ಹಾಕಿಕೊಂಡಿದ್ದರು. ಊರಿನ ಬಟ್ಟೆಯೆಲ್ಲ ಒಗೆಯುತ್ತಿದ್ದವರು ಅವರೇ. ಛೇರ್ಮನ್ನರ ಆ ಬಿಳುಪೂ ಅವರ ಕೈಯದೇ. ಒಬ್ಬಳೇ ಮಗಳು ರತ್ನ. ನನ್ನ ಒಂದನೇ ತರಗತಿಯಲ್ಲಿದ್ದಳು. ಹಲ್ಲು ಬಿದ್ದ ಬಾಯಿಯಲ್ಲಿ ‘ಸ’ ಹೇಳಲು ಬಾರದೆ ‘ಥರಥ್ವತಿ’ ಎನ್ನುತ್ತಿದ್ದವಳು. ನಾವು ನಕ್ಕರೆ ತಾನೂ ನಗುವಳು.

ಒಂದು ಬೆಳಿಗ್ಗೆ ಛೇರ್ಮನ್ನರು ತಮ್ಮ ಮೋಟರ್ ಬೈಕಿನಲ್ಲಿ ಆ ಗುಡಿಸಲಿಗೆ ಹೋದರು. "ಸಣ್ಣ ಕೆಲ್ಸ ಕಣ್ಲಾ ಮುನಿವೆಂಕ್ಟ. ಮಾಡಿಸ್ಕಂಡ್ರೆ ಈ ಜಾಗ ನಿನ್ ಹೆಸ್ರಿಗೆ ಸೈಟು. ನಾಳೆ ಮಗು ಬೇಕು ಅನ್ಸುದ್ರೆ ಬಿಚ್ಚಿಸ್ಕಬೋದು" ಎಂದರಂತೆ. ಮುನಿವೆಂಕಟನನ್ನು ಹಿಂದೆ ಕೂರಿಸಿಕೊಂಡರು. ಆ ಬೈಕು ಊರ ನಡುವೆ ಹಾದುಹೋದದ್ದನ್ನು ಶಾಲೆಯ ಕಿಟಕಿಯಿಂದ ನಾನೂ ನೋಡಿದೆ. ಛೇರ್ಮನ್ನರ ಬೆನ್ನ ಹಿಂದೆ ಮುನಿವೆಂಕಟ ನೆಟ್ಟಗೆ ಕೂತಿದ್ದ. ಬೀದಿಯಲ್ಲಿ ಕಂಡವರಿಗೆಲ್ಲ ತಲೆಯಾಡಿಸುತ್ತಿದ್ದ. ಅಂಥ ಮರ್ಯಾದೆ ಅವನಿಗೆ ಹಿಂದೆ ಸಿಕ್ಕಿರಲಿಲ್ಲ.

ಯಲಹಂಕದ ಶಿಬಿರದಲ್ಲಿ ಡಾಕ್ಟರು, "ಎಷ್ಟು ಮಕ್ಕಳು?" ಎಂದು ಕೇಳಿದರಂತೆ. ಮುನಿವೆಂಕಟ ಬಾಯಿ ತೆರೆಯುವ ಮೊದಲೇ ಛೇರ್ಮನ್ನರು, "ಮೂರು ಸ್ವಾಮಿ, ಮೂರೂ ಗಂಡು" ಎಂದರಂತೆ. ಈ ಮನುಷ್ಯ ತನ್ನ ಜೀವಮಾನದಲ್ಲಿ ಕೇಳಿದ ತಕ್ಷಣ ಉತ್ತರ ಕೊಟ್ಟದ್ದು ಅದೊಂದು ಪ್ರಶ್ನೆಗೆ ಇರಬೇಕು.

ಬರುವಾಗ ಬೈಕು ಇರಲಿಲ್ಲ. ಮುನಿವೆಂಕಟ ಶಿಬಿರದಲ್ಲಿ ಕೊಟ್ಟ ಒಂದು ಕಂಬಳಿ ಹೆಗಲ ಮೇಲೆ ಹಾಕಿಕೊಂಡು, ಕಾಲು ಅಗಲಿಸಿ ಅಗಲಿಸಿ ನಡೆಯುತ್ತ ಸಂಜೆ ಬಂದ. ಗಾಯ ಕೀವಾಯಿತು. ಎಷ್ಟೋ ದಿನ ಮೂಟೆ ಎತ್ತಲಾಗಲಿಲ್ಲ. ಜಯಮ್ಮ ಒಬ್ಬಳೇ ಕೆರೆಗೆ ಹೋಗಿ ಒಗೆದು, ಒಬ್ಬಳೇ ಹೊತ್ತು ತಂದಳು. ಸೈಟು ಕೇಳಿದರೆ ಛೇರ್ಮನ್ನರು "ಮೇಲಿಂದ ಆರ್ಡರ್ ಬಂದಿಲ್ಲ" ಎಂದರು. ಪಂಚಾಯ್ತಿಗೆ ಮಾತ್ರ ಹೊಸ ಕೊಳವೆಬಾವಿ ಬಂತು. ಒಳ್ಳೆಯ ಕೆಲಸ ಮಾಡಿದ ಛೇರ್ಮನ್ ಎಂದು ಸಭೆಯಲ್ಲಿ ಅವರಿಗೆ ಶಾಲು ಹೊದಿಸಿದರು.

ಅದರ ಮುಂದಿನ ಮಳೆಗಾಲದಲ್ಲಿ ರತ್ನಳ ಗಂಟಲು ಕಟ್ಟಿತು. ಎರಡು ದಿನ ಶಾಲೆಗೆ ಬರಲಿಲ್ಲ. ಊರಿನ ಔಷಧಿ ಮಾಡಿ, ಆಗದೆ, ಆಟೋದಲ್ಲಿ ಹಾಕಿಕೊಂಡು ದೊಡ್ಡಾಸ್ಪತ್ರೆಗೆ ಓಡಿದರು. ಉಸಿರಾಟ ದಾರಿಯಲ್ಲೇ ನಿಂತಿತ್ತು. ಅವಳ ಜಾಗದಲ್ಲಿ ಬಹಳ ದಿನ ನಾನು ಬೇರೆ ಮಗುವನ್ನು ಕೂರಿಸಲಿಲ್ಲ.

ಅಷ್ಟು ಹೊತ್ತಿಗೆ ದಿಲ್ಲಿಯಲ್ಲಿ ಸರ್ಕಾರ ಬಿದ್ದು ಬೇರೆ ಸರ್ಕಾರ ಬಂದಿತ್ತು. ತುರ್ತು ಪರಿಸ್ಥಿತಿಯಲ್ಲಿ ನಡೆದದ್ದರ ವಿಚಾರಣೆಯ ಸುದ್ದಿ ದಿನವೂ ಪೇಪರಿನಲ್ಲಿ. ಗಾಳಿ ಯಾವ ಕಡೆ ಬೀಸುತ್ತದೋ ಎಂದು ಛೇರ್ಮನ್ನರು ಸ್ವಲ್ಪ ದಿನ ಸುಮ್ಮನಿದ್ದು ನೋಡಿದರು. ಆಮೇಲೆ ಹಳೆಯ ಮಾತು ಮರಳಿತು. "ತೆಪ್ಪು ಯಾರೇ ಮಾಡ್ಲಿ, ಮ್ಯಾಲೆ ಕುಂತೋರು ಉತ್ರ ಯೋಳ್ಲೇಬೇಕು!" ಎಂದು ಒಂದು ಭಾನುವಾರ ಅವರು ಜಗಲಿ ಬಡಿಯುತ್ತಿದ್ದಾಗ ಜಯಮ್ಮ ಇಸ್ತ್ರಿ ಬಟ್ಟೆಯ ಗಂಟು ಹೊತ್ತು ಬಂದಳು. ಗಂಟನ್ನು ಜಗಲಿಯ ಮೇಲಿಟ್ಟಳು. ಹೋಗಲಿಲ್ಲ.

"ಗೌಡ್ರೇ, ಬಿಚ್ಚಿಸ್ಬೋದು ಅಂದಿದ್ರಲ್ಲ. ಬಿಚ್ಚಿಸ್ಕೊಡಿ" ಎಂದಳು.

ಗಂಡಸರು ಮುಸಿಮುಸಿ ನಕ್ಕರು. ಅವಳು ನಾಚಲಿಲ್ಲ. "ದೊಡ್ಡಾಸ್ಪತ್ರೆಗೋಗಿ ಕೇಳ್ದೋ. ಆಗಾಕಿಲ್ಲ, ಆದ್ರೂ ಗ್ಯಾರಂಟಿ ಇಲ್ಲ ಅಂದ್ರು. ನನ್ ಮಗ ಓಯ್ತು. ಇರೋದೊಂದು ಓಯ್ತು. ನೀವ್ ಮೂರ್ ಗಂಡು ಅಂದ್ರಂತಲ್ಲ, ಎಲ್ಲವ್ರೆ ತೋರ್ಸಿ."

ಆ ಕಡೆ ಹೆಣ್ಣು ಮಗುವನ್ನೂ ‘ಮಗ’ ಎನ್ನುವುದುಂಟು. ಅವಳು ಆ ಮಾತು ಹೇಳಿದ ರೀತಿಗೆ ನಗು ನಿಂತಿತು.

ಛೇರ್ಮನ್ನರ ಮುಖ ಸ್ವಲ್ಪವೂ ಕೆಡಲಿಲ್ಲ. "ನೋಡಮ್ಮ, ಮಗ ಓಗಿದ್ದು ನಂಗೂ ಸಂಕ್ಟಾನೇ. ಆದ್ರೆ ಅದ್ನ ನನ್ನೇನ್ ಕೇಳ್ತೀಯ? ಸರ್ಕಾರ ಮಾಡು ಅಂತು, ಮಾಡುದ್ವಿ. ಓಗು, ದಿಲ್ಲಿನ ಕೇಳು" ಎಂದರು.

ನಾನು ವಠಾರದ ಬಾಗಿಲಲ್ಲಿ ನಿಂತಿದ್ದೆ. ತಡೆಯಲಾಗಲಿಲ್ಲ. "ದಿಲ್ಲಿಯವರು ಬೈಕ್ ತಗೊಂಡು ಇವರ ಮನೀಗೆ ಬಂದಿದ್ರೇನ್ರಿ?" ಎಂದು ಕೂಗಿ ಕೇಳಿದೆ.

ರೊಟ್ಟಿಯ ಹಾಸ್ಯ ಈ ಸಲ ಬರಲಿಲ್ಲ. ಅವರು ಎದ್ದು ಪಂಚೆ ಕೊಡವಿಕೊಂಡು ಒಳಗೆ ಹೋದರು. ಆ ಸಂಜೆ ನನ್ನ ಯಜಮಾನರನ್ನು ಕರೆಸಿ ಬಹಳ ಸೌಮ್ಯವಾಗಿ, "ಮನೆ ರಿಪೇರಿ ಐತೆ ಸಾರ್, ಬ್ಯಾರೆ ಕಡೆ ನೋಡ್ಕಳಿ" ಎಂದರು. ನಾವು ಕೊಡಿಗೇಹಳ್ಳಿಗೆ ಮನೆ ಬದಲಾಯಿಸಿದೆವು. ಜಯಮ್ಮ ಮುನಿವೆಂಕಟರಿಗೆ ಹಾಗೆ ಎದ್ದು ಹೋಗಲು ಜಾಗವಿರಲಿಲ್ಲ. ಛೇರ್ಮನ್ನರದೇ ನೆಲದ ಮೇಲೆ ಕೂತು ಛೇರ್ಮನ್ನರದೇ ಬಟ್ಟೆ ಒಗೆಯುತ್ತ ಉಳಿದರು.

ರಾಜಕೀಯ ಗೊತ್ತಿರುವವರು ನನ್ನೊಂದಿಗೆ ವಾದ ಮಾಡುತ್ತಾರೆ. ಪಾಪ, ಅವರೊಬ್ಬ ಸಣ್ಣ ಮನುಷ್ಯ, ಮೇಲಿನವರು ಹೇಳಿದ್ದನ್ನು ಮಾಡಿದರು, ಬೈಯುವುದಾದರೆ ದೊಡ್ಡವರನ್ನು ಬೈಯಿರಿ ಎನ್ನುತ್ತಾರೆ. ದಿಲ್ಲಿಯ ದೊಡ್ಡವರನ್ನು ನಾನು ಕಂಡಿಲ್ಲ. ಅವರು ಸೋತಾಗ ನನಗೆ ಸಂತೋಷವಾಗಿದೆ, ಗೆದ್ದಾಗ ಬೇಸರವಾಗಿದೆ, ಅಷ್ಟೇ. ನನ್ನ ಪಾಲಿಗೆ ಸರ್ಕಾರಕ್ಕೊಂದು ಮುಖವಿದ್ದರೆ ಅದು ಈ ಮನುಷ್ಯನದೇ. ದಿಲ್ಲಿಯಲ್ಲಿ ಕೂತವರಿಗೆ ಮುನಿವೆಂಕಟನ ಹೆಸರು ಗೊತ್ತಿರಲಿಲ್ಲ, ರತ್ನ ಒಬ್ಬಳೇ ಮಗಳೆಂದು ಗೊತ್ತಿರಲಿಲ್ಲ. ಇವರಿಗೆ ಗೊತ್ತಿತ್ತು. ಆ ಮಗು ಇವರ ಜಗಲಿಯ ಮೇಲೆ ಆಡಿದೆ, ಇವರ ದ್ರಾಕ್ಷಿ ತಿಂದಿದೆ. ಗೊತ್ತಿದ್ದೂ ಡಾಕ್ಟರ ಮುಂದೆ ನಿಂತು ಮೂರು ಎಂದ ಬಾಯಿ ಇವರದು. ಅದಕ್ಕೇ ನನ್ನ ಸಿಟ್ಟು ದಿಲ್ಲಿಯ ತನಕ ಹೋಗುವುದೇ ಇಲ್ಲ, ಜಗಲಿಯಲ್ಲೇ ನಿಲ್ಲುತ್ತದೆ.

ಎಂಬತ್ಮೂರರ ಚುನಾವಣೆ ಬಂತು. ರಾಜ್ಯದಲ್ಲೂ ಗಾಳಿ ಬದಲಾಗುವ ಲಕ್ಷಣ ಕಂಡಿತು. ಛೇರ್ಮನ್ನರು ಸದ್ದಿಲ್ಲದೆ ಎದುರು ಪಕ್ಷ ಸೇರಿದರು. ನಮ್ಮ ಶಾಲೆಯ ಮೈದಾನದಲ್ಲೇ ಮಧ್ಯಾಹ್ನ ಸಭೆ. ಹುಣಸಮಾರನಹಳ್ಳಿ, ಕೆಂಪಾಪುರದಿಂದೆಲ್ಲ ಲಾರಿಗಳಲ್ಲಿ ಜನ ಬಂದಿದ್ದರು. ಶಾಲೆಯ ಬೆಂಚುಗಳನ್ನು ಅವರು ಮುರಿಯದಂತೆ ನೋಡಿಕೊಳ್ಳಲು ನಾನೂ ಇನ್ನೊಬ್ಬ ಮೇಷ್ಟರೂ ಅಲ್ಲೇ ಇದ್ದೆವು.

ಛೇರ್ಮನ್ನರು ಮೈಕು ಹಿಡಿದರು. ಅವತ್ತು ಅವರು ಮಾತಾಡಿದ ಹಾಗೆ ನಾನು ಇನ್ಯಾರೂ ಮಾತಾಡಿದ್ದನ್ನು ಕೇಳಿಲ್ಲ. "ನಮ್ ಬಡ ಗಂಡುಸ್ರನ್ನ ದನ ಹಿಡ್ದಂಗೆ ಹಿಡ್ದು ಕೊಯ್ಸಿದ್ರು! ವಂಶ ಕಡುದ್ರು! ಇದುಕ್ಕೆ ಉತ್ರ ಯೋಳೋರು ಯಾರು?" ಎಂದು ಗುಡುಗಿದರು. ಚಪ್ಪಾಳೆ.

ಜನರ ನಡುವಿನಿಂದ ಮುನಿವೆಂಕಟ ಎದ್ದ. ಮಾತು ಕಡಿಮೆಯ ಮನುಷ್ಯ ಅವನು. ಮಗಳು ಸತ್ತ ಮೇಲೆ ಇನ್ನೂ ಕಡಿಮೆಯಾಗಿತ್ತು. ಕೂತವರನ್ನು ದಾಟಿಕೊಂಡು ನೇರ ವೇದಿಕೆಯ ಮುಂದೆ ಹೋಗಿ ನಿಂತ. "ಅಣ್ಣ, ನನ್ನ ಬೈಕ್ನಾಗೆ ಕೂರುಸ್ಕಂಡೋದೋರು ಯಾರು? ಅದ್ನ ಯೋಳು" ಎಂದ. ಮುಂದಿನ ಸಾಲಿನವರಿಗೆ ಕೇಳಿಸಿತು, ನನಗೂ ಕೇಳಿಸಿತು. ಈಗ ಈ ಮನುಷ್ಯ ಏನು ಮಾಡುತ್ತಾನೆ ಎಂದು ನಾನು ನೋಡುತ್ತ ನಿಂತೆ.

ಅವರು ಮಾಡಿದ್ದನ್ನು ನಾನು ಊಹಿಸಿರಲೇ ಇಲ್ಲ. ಬಗ್ಗಿ ಅವನ ಕೈ ಹಿಡಿದು ವೇದಿಕೆಗೆ ಎಳೆದುಕೊಂಡರು. ಬಿಗಿಯಾಗಿ ತಬ್ಬಿಕೊಂಡರು. ಕಣ್ಣಲ್ಲಿ ನೀರು ಕೂಡ ಬಂತು. "ನೋಡಿ ಮಹಾಜನಗಳೇ! ಬ್ಯಾರೆ ಸಾಕ್ಷಿ ಯಾಕೆ ಬೇಕು? ಇವ್ನೇ ಸಾಕ್ಷಿ! ನಮ್ಮೂರ ಮಗ! ಇವತ್ತು ಇವ್ನ ಮನೇನಾಗೆ ದೀಪ ಹಚ್ಚಾಕೆ ಒಂದ್ ಮಗ ಇಲ್ಲ. ಇದು ಯಾರ್ ಮಾಡಿದ ಪಾಪ?" ಎಂದು ತಮ್ಮ ಕೊರಳಿನ ಹಾರ ತೆಗೆದು ಅವನಿಗೆ ಹಾಕಿದರು. ಮೈದಾನವೆಲ್ಲ ಎದ್ದು ನಿಂತು ಕೂಗಿತು. ಮುನಿವೆಂಕಟ ಮೈಕಿನ ಕಡೆ ಬಾಯಿ ತಂದು ಏನೋ ಹೇಳಲು ನೋಡಿದ. ಮೈಕು ಆಗಲೇ ಇನ್ನೊಬ್ಬ ನಾಯಕರ ಕೈಯಲ್ಲಿತ್ತು. ಚೆಂಡುಹೂವಿನ ಹಾರ ಹಾಕಿಕೊಂಡು, ಸಭೆ ಮುಗಿಯುವ ತನಕ ವೇದಿಕೆಯ ಮೂಲೆಯಲ್ಲಿ ನಿಂತಿದ್ದ. ಇಳಿಯಲು ಹೋದರೆ ಯಾರೋ ಹುಡುಗರು ಭುಜ ಹಿಡಿದು ಅಲ್ಲೇ ನಿಲ್ಲಿಸುತ್ತಿದ್ದರು.

ಮಾರನೆಯ ದಿನ ಅವನ ಗುಡಿಸಲಿಗೆ ಜೀಪು ಬಂತು. ಬೇರೆ ಊರಿನ ಸಭೆಗಳಿಗೂ ಅವನು ಬರಬೇಕಂತೆ, ಸುಮ್ಮನೆ ವೇದಿಕೆಯ ಮೇಲೆ ನಿಂತರೆ ಸಾಕಂತೆ. ಜಯಮ್ಮ ಬಾಗಿಲಿಗೆ ಅಡ್ಡ ನಿಂತಳು. "ನಮ್ಮೋನು ಬರಾಕಿಲ್ಲ. ಇವತ್ನಿಂದ ನಿಮ್ ಗೌಡ್ರ ಬಟ್ಟೇನೂ ಒಗಿಯಾಕಿಲ್ಲ. ಎತ್ಕಂಡೋಗಿ" ಎಂದು ಒಳಗಿದ್ದ ಬಿಳಿ ಬಟ್ಟೆಯ ಗಂಟನ್ನು ಜೀಪಿನೊಳಗೆ ಎಸೆದಳು. ಒಗೆಯದ ಬಟ್ಟೆ, ಹಾಗೇ. ಇದನ್ನು ಅವಳೇ ಶಾಲೆಗೆ ಬಂದು ನನಗೆ ಹೇಳಿದಳು.

ಛೇರ್ಮನ್ನರ ಪಕ್ಷ ಗೆದ್ದಿತು. ತಿಂಗಳು ಕಳೆಯುವುದರೊಳಗೆ ತೋಟದ ಅಂಚಿನ ಗುಡಿಸಲನ್ನು ಕೀಳಿಸಿದರು. ಮಟಮಟ ಮಧ್ಯಾಹ್ನ, ಊರೆಲ್ಲ ನೋಡುತ್ತಿರುವಾಗ. ಒಬ್ಬರೂ ಬೇಡವೆನ್ನಲಿಲ್ಲ. ನನ್ನ ಯಜಮಾನರು ಕಾರ್ಖಾನೆಯ ಗೆಳೆಯನ ಟೆಂಪೋ ತಂದರು. ಸಾಮಾನು ಹಾಕಿಕೊಂಡು ಕೆಂಪಾಪುರದಲ್ಲಿ ಜಯಮ್ಮನ ತಂಗಿಯ ಮನೆಯ ಪಕ್ಕ ಇಳಿಸಿದೆವು. ಅಲ್ಲಿ ಒಂದು ತಳ್ಳುಗಾಡಿ ಮಾಡಿಕೊಂಡು ಇಸ್ತ್ರಿ ಅಂಗಡಿ ಹಾಕಿದರು. ತಂಗಿಯ ಚಿಕ್ಕ ಮಗಳನ್ನು ಸಾಕಿಕೊಂಡರು. ಹೊಸ ಬಡಾವಣೆಗಳು ಏಳುತ್ತಿದ್ದವು, ಪ್ಯಾಂಟು ಷರಟಿನ ಜನ ಬರುತ್ತಿದ್ದರು, ಕೆಲಸಕ್ಕೆ ಬರವಿರಲಿಲ್ಲ. ಆ ಮಟ್ಟಿಗೆ ಬದುಕು ಕೈ ಬಿಡಲಿಲ್ಲ.

ಛೇರ್ಮನ್ನರು ಮುಂದೆ ಮಂಡಲ ಪ್ರಧಾನರಾದರು. ದ್ರಾಕ್ಷಿ ಬಳ್ಳಿ ಕಿತ್ತು ತೋಟವನ್ನು ಸೈಟು ಮಾಡಿ ಮಾರಿದರು. ಕೊನೆಯ ಸಲ ನಾನು ಅವರನ್ನು ಕಂಡದ್ದು ನಮ್ಮ ಶಾಲೆಯ ವಾರ್ಷಿಕೋತ್ಸವದಲ್ಲಿ. ಮುಖ್ಯ ಅತಿಥಿ. ಮಕ್ಕಳಿಗೆ ನಾಯಕತ್ವದ ಬಗ್ಗೆ ಬುದ್ಧಿ ಹೇಳಿ ಕೆಳಗಿಳಿದವರು ನನ್ನ ಹತ್ತಿರ ಬಂದು ನಿಂತರು.

"ಏನ್ ಟೀಚರಮ್ಮ, ಇನ್ನೂ ಕೋಪ ಓಗಿಲ್ವಾ?" ಎಂದು ನಕ್ಕರು.

"ಇಲ್ರಿ" ಎಂದೆ.

ಅದನ್ನೂ ತಮಾಷೆ ಎಂದುಕೊಂಡರು. ನನ್ನ ಸಿಟ್ಟು ಹೆಂಗಸಿನ ಮುನಿಸು, ಒಂದು ಬುಟ್ಟಿ ದ್ರಾಕ್ಷಿಯಲ್ಲಿ ಹೋಗುವಂಥದ್ದು ಎಂದು ಅವರು ಕೊನೆಯವರೆಗೂ ನಂಬಿದ್ದರೆಂದು ಕಾಣುತ್ತದೆ. ತಾವು ಮಾಡಿದ್ದು ತಪ್ಪೆಂದು ಅವರಿಗೆ ಒಳಗೊಳಗೇ ಗೊತ್ತಿತ್ತೆ? ನನಗೆ ಹಾಗನ್ನಿಸುವುದಿಲ್ಲ. ಗೊತ್ತಿದ್ದರೆ ಒಂದು ದಿನವಾದರೂ ಅವರ ಮುಖ ಸಪ್ಪಗಾಗುತ್ತಿತ್ತು.

ಅವರು ಸತ್ತದ್ದು ಎದೆನೋವಿನಿಂದ. ಮಾರನೆಯ ಬೆಳಿಗ್ಗೆ ಅವರ ಮಗ ಕಾರಿನಲ್ಲಿ ನಮ್ಮ ಮನೆಗೆ ಬಂದ. ಅವನು ಮನೆ ಕಟ್ಟಿಸಿ ಮಾರುವ ವ್ಯವಹಾರದವನು, ನಯವಾಗಿ ಮಾತಾಡುವವನು. "ಟೀಚರಮ್ಮ, ಮುನಿವೆಂಕಟಣ್ಣನ ಮನೆ ನಿಮ್ಗ್ ಗೊತ್ತಂತಲ್ಲ, ಒಂದ್ ಸಲ ತೋರಿಸ್ಬೇಕು. ನಮ್ಮಪ್ಪಂಗೆ ನಡೆಮಡಿ ಹಾಸ್ಬೇಕು. ನಮ್ಮನೆಗೆ ಮೊದ್ಲಿಂದ ಅವ್ರೇ ಅಲ್ವಾ ಹಾಸೋದು" ಎಂದ. ಹೆಣ ಸಾಗುವ ದಾರಿಯಲ್ಲಿ ಮುಂದೆ ಮುಂದೆ ಮಡಿ ಬಟ್ಟೆ ಹಾಸುತ್ತ ಹೋಗುವುದು ಆ ಕಡೆಯ ದೊಡ್ಡ ಮನೆತನಗಳ ಪದ್ಧತಿ. ಊರಿನ ಮಡಿವಾಳರದೇ ಆ ಕೆಲಸ. ಮಂತ್ರಿಗಳು ಬರುತ್ತಾರೆ, ಹಾಗಾಗಿ ಶಾಸ್ತ್ರ ಎಲ್ಲೂ ಕಡಿಮೆಯಾಗಬಾರದು ಎಂದ. ನಾನು ಬರುವುದಿಲ್ಲ ಎನ್ನಬಹುದಿತ್ತು. ಉತ್ತರ ಮುನಿವೆಂಕಟನ ಬಾಯಿಂದಲೇ ಬರಲಿ ಎಂದು ಕಾರು ಹತ್ತಿದೆ.

ಕೆಂಪಾಪುರದಲ್ಲಿ ಮುನಿವೆಂಕಟ ಹೊಂಗೆಮರದ ಕೆಳಗೆ ಇಸ್ತ್ರಿ ಮಾಡುತ್ತಿದ್ದ. ಸುದ್ದಿ ಕೇಳಿ ಇಸ್ತ್ರಿಪೆಟ್ಟಿಗೆಯನ್ನು ಪಕ್ಕಕ್ಕಿಟ್ಟ. ಜಯಮ್ಮ ಒಳಗಿನಿಂದ ಬಂದು ಹೊಸಿಲಲ್ಲಿ ನಿಂತಳು. ಮಗ ಕೈ ಮುಗಿದು ವಿಷಯ ಹೇಳಿದ.

"ಆಸ್ತೀನಿ. ಸುಡುಗಾಡ್ ಗಂಟ ಆಸ್ತೀನಿ. ಆದ್ರೆ ನಿಮ್ಮಪ್ಪ ನಂಗೆ ಮಾಡಿದ್ದು ತೆಪ್ಪು ಅಂತ, ಅಲ್ಲಿ ಸೇರಿರೋ ಜನದ ಮುಂದೆ ನೀನೊಂದ್ ಮಾತ್ ಯೋಳು" ಎಂದ ಮುನಿವೆಂಕಟ.

"ಅಣ್ಣ, ಸತ್ತೋರ್ನ ಯಾಕಣ್ಣ ಈಗ..."

"ಸತ್ತೋರ್ನ ಕೇಳ್ತಿಲ್ಲ ಕಣಪ್ಪ. ನಿನ್ನ ಕೇಳ್ತೀವ್ನಿ."

ಮಗ ನನ್ನ ಮುಖ ನೋಡಿದ. ಅವನು ಗಡಿಯಾರ ನೋಡಿಕೊಂಡ, ಕರ್ಚೀಫಿನಿಂದ ಕತ್ತು ಒರೆಸಿಕೊಂಡ. ಒಂದು ಕ್ಷಣ ಅವನ ತುಟಿ ಅಲುಗಿದ್ದನ್ನು ಕಂಡೆ. ಹೇಳಿಬಿಡುತ್ತಾನೇನೋ ಅನ್ನಿಸಿತು. ಅವನು ಅಪ್ಪನಿಗಿಂತ ಒಳ್ಳೆಯವನೇ ಇರಬಹುದು. ಆದರೆ, "ನಮ್ ಟೈಮ್ ಆಯ್ತಣ್ಣ, ಬೇರೆ ಯಾರ್ನಾದ್ರೂ ನೋಡ್ತೀನಿ" ಎಂದು ಕಾರಿನ ಕಡೆ ನಡೆದ. "ಬನ್ನಿ ಟೀಚರಮ್ಮ, ಮಂತ್ರಿಗಳ ಮುಂದೆ ನೀವೂ ಎರಡ್ ಮಾತಾಡಿ" ಎಂದು ನನಗೆ ಬಾಗಿಲು ತೆರೆದ.

"ನಾ ಮಾತಾಡಿದ್ರ ನಿಮಗ ಚಲೋ ಅನಸೂದಿಲ್ಲಪ್ಪ. ನಾ ಬಸ್ಸಿಗೆ ಹೋಗತೀನಿ" ಎಂದೆ.

ಕಾರು ಹೋಯಿತು. ಜಯಮ್ಮ ನನಗೆ ಕಾಫಿ ಮಾಡಿ ಕೊಟ್ಟಳು. ಮೂವರಲ್ಲಿ ಯಾರೂ ಸತ್ತವರ ಮಾತೆತ್ತಲಿಲ್ಲ. ಸಾಕು ಮಗಳ ಪರೀಕ್ಷೆಯ ಬಗ್ಗೆ ಮಾತಾಡಿದೆವು.

ಮೆರವಣಿಗೆಯಲ್ಲಿ ನಡೆದದ್ದನ್ನು ನನಗೆ ಹೇಳಿದವರು ನಮ್ಮ ಶಾಲೆಯ ಮೇಷ್ಟರು. ಪೇಟೆಯಿಂದ ಹೊಸ ಬಿಳಿ ಬಟ್ಟೆಯ ಒಂದು ಥಾನನ್ನೇ ತರಿಸಿ ಪಕ್ಷದ ಹುಡುಗರ ಕೈಗೆ ಕೊಟ್ಟಿದ್ದರಂತೆ. ಹೆಣ ದಾಟಿದ ಬಟ್ಟೆಯನ್ನು ಹಿಂದಿನಿಂದ ಎತ್ತಿ ಮತ್ತೆ ಮುಂದೆ ತಂದು ಹಾಸಬೇಕೆಂದು ಆ ಹುಡುಗರಿಗೆ ಯಾರೂ ಹೇಳಿರಲಿಲ್ಲ. ಬಿಚ್ಚಿಕೊಂಡೇ ಹೋದರು. ಬಸ್ ನಿಲ್ದಾಣದ ಹತ್ತಿರ ಬರುವಷ್ಟರಲ್ಲಿ ಥಾನು ಮುಗಿಯಿತು. ಹಾಸಿದ್ದನ್ನು ಎತ್ತೋಣವೆಂದರೆ ಹಿಂದಿನ ಜನ ಅದರ ಮೇಲೆಲ್ಲ ಚಪ್ಪಲಿ ಕಾಲಿನಲ್ಲಿ ನಡೆದಿದ್ದರು. ಇನ್ನೊಂದು ಥಾನು ತರಲು ಸ್ಕೂಟರು ಓಡಿತು. ಅಲ್ಲಿಯವರೆಗೆ ಉರಿಬಿಸಿಲಿನಲ್ಲಿ, ನಡುರಸ್ತೆಯಲ್ಲಿ, ಬಸ್ಸುಗಳು ಹಿಂದೆ ಹಾರನ್ ಹೊಡೆಯುತ್ತಿರಲು, ಹೊತ್ತವರು ಭುಜ ಬದಲಾಯಿಸುತ್ತ ನಿಂತರಂತೆ. ಮಂತ್ರಿಗಳು ಕಾದು ನೋಡಿ ಕಾರು ಹತ್ತಿ ಹೊರಟುಹೋದರಂತೆ.

ಕೇಳಿದಾಗ ನನಗೆ ಮರುಕ ಹುಟ್ಟಬೇಕಿತ್ತು. ಹುಟ್ಟಲಿಲ್ಲ. ಇನ್ನೊಂದು ಸಲ ಹೇಳಿ ಮೇಷ್ಟ್ರೇ, ಎಂದೆ.